ಮೂರು ಫೋಟೊ, ಒಂದೇ ಬಾಲ

ಬೆಳಿಗ್ಗೆ ಎದ್ದ ಕೂಡಲೇ ನಾನು ಸೂರ್ಯನನ್ನೂ ಒಮ್ಮೆ ಅನುಮಾನದಿಂದ ನೋಡುತ್ತೇನೆ ಎಂದು ನನ್ನ ಗಂಡ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾನೆ. ಹೇಳಿಕೊಳ್ಳಲಿ. ಮೂವತ್ನಾಲ್ಕು ವರ್ಷದಿಂದ ದೋಣಿ ಬಾಡಿಗೆಗೆ ಕೊಡುವ ಹೆಂಗಸು ಎಲ್ಲರನ್ನೂ ನಂಬಿಕೊಂಡು ಕೂತಿದ್ದರೆ ಇಷ್ಟು ಹೊತ್ತಿಗೆ ಈ ದೋಣಿಕಟ್ಟೆಯ ಒಂದು ಹಲಗೆಯೂ ಉಳಿಯುತ್ತಿರಲಿಲ್ಲ. "ಲೈಫ್ ಜಾಕೆಟ್ ಬಿಚ್ಚಲ್ಲ ಅಮ್ಮ, ಆಣೆ" ಎಂದು ಹೋದವನು ಮೊದಲ ತಿರುವು ದಾಟಿದ ಮೇಲೆ ಅದನ್ನೇ ತಲೆದಿಂಬು ಮಾಡಿಕೊಂಡು ಬಿದ್ದುಕೊಂಡಿರುತ್ತಾನೆ. "ಒಂದೂ ಕಚ್ಚಲಿಲ್ಲ" ಎಂದು ಮುಖ ಹುಳ್ಳಗೆ ಮಾಡಿಕೊಂಡು ಬಂದವನು ಮಾರನೆಯ ದಿನ ಅದೇ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡುತ್ತಾನೆ. ಬ್ಯಾಸ್ ಮೀನು ಹಿಡಿಯುವ ಗಂಡಸರು ನಿಜ ಹೇಳುವುದು ನಿದ್ದೆಯಲ್ಲಿ ಮಾತ್ರ ಎಂದು ನಾನು ತಿಳಿದುಕೊಂಡಿದ್ದೆ.

ನನ್ನ ಹೆಸರು ಫುಸಾನೊ. ಕಟ್ಟೆಗೆ ಬರುವವರಿಗೆಲ್ಲ ನಾನು ಅಮ್ಮ, ನನಗಿಂತ ದೊಡ್ಡವರಿಗೂ ಅಮ್ಮನೇ. ಇಲ್ಲಿ ಗಾಳ ಹಾಕಲು ಬರುತ್ತಿದ್ದ ನುಕಾಗಾ-ಸಾನ್ ನನಗಿಂತ ಐದು ವರ್ಷ ದೊಡ್ಡವರು. ಅವರೂ ಹಾಗೇ ಕರೆಯುತ್ತಿದ್ದರು.

ಅವರು ಮೊದಲ ಸಲ ಬಂದಾಗ ಮಾರ್ಚ್ ತಿಂಗಳ ಮೊದಲ ವಾರ. ಹಿನ್ನೀರಿನ ಮೇಲೆ ಇನ್ನೂ ಚಳಿಯ ಹೊಗೆ ಏಳುತ್ತಿತ್ತು. ಒಂದು ಪುಟ್ಟ ಬಿಳಿ ಲಾರಿ ಬಂದು ನಿಂತಿತು. ಅದರ ಬಾಗಿಲ ಮೇಲೆ 'ನುಕಾಗಾ ತತಾಮಿ ಅಂಗಡಿ' ಎಂಬ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಕುಳ್ಳಗಿನ ಮನುಷ್ಯ, ಅರವತ್ತಾರರ ವಯಸ್ಸು. ಅಂಗಿಯ ತೋಳು ಮಡಚಿದ್ದರಿಂದ ಬಲ ಮೊಣಕೈ ಕಾಣಿಸಿತು. ಅಲ್ಲಿ ಹಿಮ್ಮಡಿಯಷ್ಟು ದಪ್ಪ ಗಟ್ಟಿ ಚರ್ಮ. ನೆಲಕ್ಕೆ ಹಾಸುವ ತತಾಮಿ ಚಾಪೆ ಹೊಲಿಯುವವರಿಗೆಲ್ಲ ಹಾಗಾಗುತ್ತದೆ, ದಾರ ಬಿಗಿಯಲು ಮೊಣಕೈಯನ್ನೇ ಒತ್ತಬೇಕಲ್ಲ.

"ಮೋಟಾರು ಬೇಡ, ಹುಟ್ಟು ಸಾಕು" ಎಂದರು.

ನನ್ನ ಕಿವಿ ನೆಟ್ಟಗಾಯಿತು. ಈ ಕಾಲದಲ್ಲಿ ಮೋಟಾರು ಬೇಡ ಅನ್ನುವವನು ಯಾರು? ನಮ್ಮಲ್ಲಿ ನಾಲ್ಕು ವರ್ಷದಿಂದ ವಸಂತದ ಪಂದ್ಯ ಗೆಲ್ಲುತ್ತಿದ್ದ ಕುಸುದಾ-ಸಾನ್, ಊರಲ್ಲಿ ಹಲ್ಲಿನ ಸೆಟ್ಟು ಮಾಡುವವರು, ಒಂದು ದೋಣಿಗೆ ಎರಡು ಮೋಟಾರು, ಮೀನಿರುವ ಜಾಗ ತೋರಿಸುವ ಯಂತ್ರದ ಮೂರು ಪರದೆ ಕಟ್ಟಿಕೊಂಡು ಹೋಗುತ್ತಿದ್ದರು. ನೀರಿನ ಕೆಳಗೆ ಮೀನು ಕಣ್ಣು ಮಿಟುಕಿಸಿದರೂ ಅವರಿಗೆ ಕಾಣಬೇಕು. ಈ ಮನುಷ್ಯನ ಹತ್ತಿರ ಒಂದು ಗಾಳದ ಕೋಲು, ಒಂದು ಡಬ್ಬಿ, ಬುತ್ತಿ. ಡಬ್ಬಿಯನ್ನು ಇಣುಕಿ ನೋಡಿದೆ. ಕಿರುಬೆರಳಿಗಿಂತ ಚಿಕ್ಕ ರಬ್ಬರ್ ಹುಳಗಳು, ಅಕ್ಕಿ ಕಾಳಿನಷ್ಟು ಸೀಸದ ಗುಂಡುಗಳು, ಮುಳ್ಳು ತೇಯ್ದ ಕೊಕ್ಕೆಗಳು. ಹುಳಗಳು ಅಂಗಡಿಯವಲ್ಲ. ಹರಿದ ಹುಳಗಳನ್ನು ಕರಗಿಸಿ ಮನೆಯಲ್ಲೇ ಎರಕ ಹೊಯ್ದದ್ದು.

"ಇದಕ್ಕೆ ಮೀನು ಬೀಳತ್ತಾ?" ಎಂದೆ.

"ಬೀಳೋ ದಿನ ಬೀಳತ್ತೆ" ಎಂದರು. ಅಷ್ಟೇ. ಇಷ್ಟು ಕಮ್ಮಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬಾಯಿಗೆ ಬೀಗ ಹಾಕಿಕೊಂಡವನು ಒಳಗೆ ಏನಾದರೂ ಇಟ್ಟುಕೊಂಡೇ ಇರುತ್ತಾನೆ ಎಂದು ನನ್ನ ಲೆಕ್ಕ.

ಆರು ವಸಂತ ಹೀಗೇ ಹೋಯಿತು. ಮಾರ್ಚ್‌ನಿಂದ ಏಪ್ರಿಲ್ ಮುಗಿಯುವವರೆಗೆ ವಾರಕ್ಕೆ ಮೂರು ದಿನ ಬರುತ್ತಿದ್ದರು. ಎಲ್ಲ ದೋಣಿಗಳೂ ಗುಂಯ್ ಎಂದು ಹೊರಟುಹೋದ ಮೇಲೆ ನಿಧಾನ ಹುಟ್ಟು ಹಾಕಿಕೊಂಡು ಉತ್ತರದ ಕವಲಿಗೆ ಹೋಗುತ್ತಿದ್ದರು. ಅಲ್ಲಿ ದಡ ಕುಸಿದಾಗ ಬಿದ್ದ ಒಂದು ದೊಡ್ಡ ಮರ ಅರ್ಧ ನೀರಲ್ಲಿ, ಅರ್ಧ ಹೊರಗೆ ಇದೆ. ಅದರ ಮುಂದೆ ದೋಣಿ ನಿಲ್ಲಿಸಿದರೆ ಸಂಜೆಯವರೆಗೆ ಕದಲುತ್ತಿರಲಿಲ್ಲ. ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣು ಒಳಗಿಟ್ಟ ಎರಡು ಅನ್ನದ ಉಂಡೆ, ಒಂದು ಫ್ಲಾಸ್ಕ್ ಬಾರ್ಲಿ ಚಹಾ. ಬೇರೆಯವರು ದಿನಕ್ಕೆ ಐವತ್ತು ಜಾಗ ಸುತ್ತಿ ಬಂದು ಇವರನ್ನು ನೋಡಿ ನಗುತ್ತಿದ್ದರು.

"ನುಕಾಗಾ-ಸಾನ್ ಅಲ್ಲಿ ಮೀನು ಹಿಡೀತಾರೋ, ಮರಕ್ಕೆ ಕಾವಲು ಕೂತಿದಾರೋ?"

"ಹೆಂಡ್ತಿ ಮನೆಯಿಂದ ಓಡ್ಸಿರ್ಬೇಕು ಬಿಡ್ರೀ."

ಅವರು ಕೇಳಿಸಿಕೊಂಡು ಸುಮ್ಮನೆ ತಲೆಬಾಗಿ ಲಾರಿ ಹತ್ತುತ್ತಿದ್ದರು. ಮೀನು ಅವರಿಗೆ ಬೀಳುತ್ತಿದ್ದದ್ದು ಅಪರೂಪ. ಹಾಗಾಗಿ ಯಾರಿಗೂ ಅವರ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ನನಗೆ ಮಾತ್ರ ಅನುಮಾನವಿತ್ತು, ಯಾವುದರ ಬಗ್ಗೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಏಳನೆಯ ವಸಂತದಲ್ಲಿ ಗೊತ್ತಾಯಿತು ಎಂದುಕೊಂಡೆ.

ನಮ್ಮ ಕಟ್ಟೆಯ ಪದ್ಧತಿ ಹೀಗೆ. ಹಿಡಿದ ಮೀನನ್ನು ಅಲ್ಲೇ ಅಳತೆ ಹಲಗೆಯ ಮೇಲೆ ಮಲಗಿಸಿ ಫೋಟೊ ತೆಗೆದು ನೀರಿಗೆ ಬಿಡಬೇಕು. ನಲವತ್ತು ಸೆಂಟಿಮೀಟರ್ ಮೀರಿದ್ದರೆ ಫೋಟೊ ನನಗೆ ತೋರಿಸಲೇಬೇಕು. ನಾನು ಅದನ್ನು ಅಂಗಡಿಯ ಪುಟ್ಟ ಯಂತ್ರದಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸುತ್ತೇನೆ. ವಸಂತ ಮುಗಿದಾಗ ಯಾರ ಮೂರು ಮೀನಿನ ಉದ್ದ ಕೂಡಿಸಿದರೆ ಹೆಚ್ಚೋ ಅವರ ಹೆಸರು ಕೆತ್ತಿದ ಹಲಗೆ ಬಾಗಿಲ ಮೇಲೇರುತ್ತದೆ. ಅಷ್ಟಕ್ಕೇ ಈ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಾರೆ.

ಏಪ್ರಿಲ್ ಎರಡನೆಯ ವಾರ ನುಕಾಗಾ-ಸಾನ್ ಹೆಸರಿನ ಕೆಳಗೆ ಮೂರು ಫೋಟೊ ಇದ್ದವು. ಐವತ್ತೆರಡು, ಐವತ್ತೆರಡು, ಐವತ್ತೆರಡೂವರೆ. ಕುಸುದಾ-ಸಾನ್ ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡರು. ಅವರು ಎರಡು ಸೆಂಟಿಮೀಟರ್ ಹಿಂದಿದ್ದರು. ಅವರು ಹೋದ ಮೇಲೆ ನಾನು ಗಂಡನ ಭೂತಗನ್ನಡಿ ತಂದೆ. ಅವನು ಕೈಗೆ ಚುಚ್ಚಿದ ಮರದ ಸಿಬಿರು ಹುಡುಕಲು ಇಟ್ಟುಕೊಂಡದ್ದು. ಮೊದಲ ಫೋಟೊದ ಮೀನಿನ ಬಾಲದ ಕೆಳತುದಿಯಲ್ಲಿ ಕಚ್ಚಿ ಕಿತ್ತ ಹಾಗೆ ಒಂದು ಸೀಳು ಇತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ.

"ಏನೇ ಅದು, ಗೋಡೆಗೆ ಮೂಗು ತಾಗಿಸಿಕೊಂಡು?" ಎಂದ ಗಂಡ.

"ಒಂದೇ ಮೀನು" ಎಂದೆ. "ಮೂರು ಸಲ."

"ಮೀನಲ್ವಾ, ಹಸಿವಾಗಿರತ್ತೆ."

ಅವನಿಗೆ ಎಲ್ಲವೂ ಅಷ್ಟೇ ಸುಲಭ. ನನಗೆ ಆಗಲೇ ಮೈ ಉರಿಯುತ್ತಿತ್ತು. ನುಕಾಗಾ-ಸಾನ್ ದೋಣಿ ಕಟ್ಟಿ ಮೇಲೆ ಬರುವುದನ್ನೇ ಕಾದು ನಿಂತು, ಫೋಟೊಗಳನ್ನು ಅವರ ಮುಂದಿಟ್ಟೆ.

"ಈ ಮೂರೂ ಒಂದೇ ಮೀನು ಅಲ್ವಾ ನುಕಾಗಾ-ಸಾನ್?"

ಅವರು ಕನ್ನಡಕ ಏರಿಸಿ ನೋಡಿದರು. "ಹೌದು."

"ಹೌದಾ? ಅಷ್ಟೇನಾ?"

"ಹತ್ತೊಂಬತ್ತು ದಿನದಲ್ಲಿ ಮೂರು ಸಲ ಬಂತು. ಅದೇ ಮೀನು."

"ಅದೇನು ನಿಮ್ಮ ನೆಂಟರಾ, ಮೂರು ಸಲ ಬಂದು ಹೋಗೋಕೆ?"

"ಅದು ಅಲ್ಲೇ ಇರತ್ತೆ ಅಮ್ಮ. ನಾನೂ ಅಲ್ಲೇ ಇರ್ತೀನಿ."

"ಒಂದೇ ಮೀನನ್ನ ಮೂರು ಅಂತ ಪಂದ್ಯಕ್ಕೆ ಕೊಡೋದಾ?"

"ಪಂದ್ಯಕ್ಕೆ ಅಂತ ನಾನು ಕೊಡಲಿಲ್ಲ. ಫೋಟೊ ತೋರ್ಸಿ ಅಂದ್ರಿ, ತೋರಿಸ್ದೆ. ಅಂಟಿಸಿದ್ದು ನೀವು."

ಮಾತು ನಿಜವಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕಳ್ಳ ತಡವರಿಸಬೇಕು, ಬೆವರಬೇಕು. ಈ ಮನುಷ್ಯ ಚಾಪೆಯ ಅಳತೆ ಹೇಳುವ ಹಾಗೆ ಹೇಳಿ ಲಾರಿ ಹತ್ತಿದರು. ಇಷ್ಟು ನಿರಾಳವಾಗಿ ಒಪ್ಪಿಕೊಳ್ಳುತ್ತಾರೆ ಎಂದರೆ ಇದರ ಹಿಂದೆ ಇನ್ನೇನೋ ದೊಡ್ಡದನ್ನು ಮುಚ್ಚಿಡುತ್ತಿದ್ದಾರೆ ಎನಿಸಿತು.

ಆ ದೊಡ್ಡದು ಏನೆಂದು, ನನ್ನಿಂದ ವಿಷಯ ಕೇಳಿದ ಕುಸುದಾ-ಸಾನ್ ಬಾಯಿಬಿಟ್ಟು ಹೇಳಿದರು. "ಅಮ್ಮ, ಬ್ಯಾಸ್ ಒಂದ್ಸಲ ಕೊಕ್ಕೆ ತಿಂದ್ರೆ ಆ ಕಡೆ ತಲೆ ಹಾಕಿ ಮಲಗಲ್ಲ. ಮೂರು ಸಲ ಒಂದೇ ಮೀನು ಅಂದ್ರೆ, ಚೀಲದಲ್ಲಿ ಹಾಕಿ ಮರದ ಕೆಳಗೆ ಕಟ್ಟಿಟ್ಟಿದಾರೆ. ಬೇಕಾದಾಗ ಎತ್ತೋದು, ಫೋಟೊ ಹೊಡ್ಯೋದು, ಮತ್ತೆ ಇಳಿಸೋದು. ಸಸಾಗೊದಲ್ಲಿ ಆಗಿದ್ದು ನೆನಪಿದ್ಯಲ್ಲ?"

ನೆನಪಿಲ್ಲದೆ ಏನು. ಎರಡು ಬೆಟ್ಟ ಆಚೆಯ ಸಸಾಗೊ ಹಿನ್ನೀರಿನಲ್ಲಿ ಯಾರೋ ಒಬ್ಬ ಬ್ಯಾಸ್ ಮೀನನ್ನು ಜೀವಂತ ಬಲೆಯಲ್ಲಿ ಕೂಡಿಹಾಕಿದ್ದ. ಅದು ಹೊರಗಿನಿಂದ ಬಂದು ಊರ ಮೀನು ತಿನ್ನುವ ಜಾತಿ. ಜೀವಂತ ಇಟ್ಟುಕೊಳ್ಳುವುದು, ಸಾಗಿಸುವುದು ಕಾನೂನಿಗೆ ವಿರುದ್ಧ. ಅಲ್ಲಿನ ಮೀನುಗಾರರ ಸಂಘ ಮಾರನೆಯ ವಾರವೇ ಬ್ಯಾಸ್ ದೋಣಿಗಳನ್ನೆಲ್ಲ ನಿಲ್ಲಿಸಿತು. ಆ ಕಟ್ಟೆಯಲ್ಲಿ ಈಗ ಹುಲ್ಲು ಬೆಳೆದು ನಿಂತಿದೆ. ನಮ್ಮ ಸಂಘದವರಿಗೂ ಬ್ಯಾಸ್ ಹುಚ್ಚರನ್ನು ಕಂಡರೆ ಅಷ್ಟಕ್ಕಷ್ಟೆ.

ಮರುದಿನ ಗಂಡನ ಹಳೆಯ ದೋಣಿ ತೆಗೆದುಕೊಂಡು, ನೀರ ಮೇಲಿನ ಕಸ ಎತ್ತುವ ನೆಪದಲ್ಲಿ ಉತ್ತರದ ಕವಲಿನ ಕಡೆ ಹೋದೆ. ಬಿದಿರಿನ ನೆರಳಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ನುಕಾಗಾ-ಸಾನ್ ಮರದ ಹತ್ತಿರ ಬಂದರು. ಹುಟ್ಟು ಮೇಲೆಳೆದುಕೊಂಡರು. ಆಮೇಲೆ ಬಗ್ಗಿ, ಕಾಲಡಿಯಿಂದ ಒಂದು ಬಿಳಿಯ ಬಲೆಚೀಲ ಎತ್ತಿ, ಮಗುವನ್ನು ಸ್ನಾನಕ್ಕೆ ಇಳಿಸುವಷ್ಟು ಮೆಲ್ಲಗೆ ನೀರಿಗೆ ಇಳಿಸಿದರು. ಅದಕ್ಕೆ ಹಗ್ಗ ಕಟ್ಟಿತ್ತು. ಚೀಲದೊಳಗೆ ಏನೋ ಭಾರವಿತ್ತು.

ಸಸಾಗೊ ಕಟ್ಟೆಯ ಹುಲ್ಲು ಕಣ್ಣ ಮುಂದೆ ಬಂತು. ಜೊತೆಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಆರು ವರ್ಷದ ಅನುಮಾನ ಕೊನೆಗೂ ಕೈಗೆ ಸಿಕ್ಕಿತ್ತು.

ಆ ಸಂಜೆ ಅವರು ದಡಕ್ಕೆ ಬರುವಷ್ಟರಲ್ಲಿ ಕುಸುದಾ-ಸಾನ್ ಮತ್ತು ಇನ್ನೂ ನಾಲ್ಕೈದು ಜನ ನನ್ನ ಹಿಂದೆ ನಿಂತಿದ್ದರು. ನಾನೇ ಕರೆದದ್ದು.

"ನಾಳೆಯಿಂದ ನಿಮಗೆ ದೋಣಿ ಇಲ್ಲ ನುಕಾಗಾ-ಸಾನ್. ಚೀಲ ನೋಡ್ದೆ ನಾನು."

"ಚೀಲಾನಾ?" ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದು ಲಂಗರು. ಬಟ್ಟೆ ಒಗೆಯೋ ಮಶೀನಿಗೆ ಹಾಕೋ ಚೀಲ. ಒಳಗೆ ಕಲ್ಲಿದೆ. ಬರೀ ಕಲ್ಲು ಇಳಿಸಿದ್ರೆ ತಳಕ್ಕೆ ತಾಗಿ ಸದ್ದಾಗತ್ತೆ."

"ಎಲ್ರೂ ಕಬ್ಬಿಣದ ಲಂಗರು ಇಳಿಸ್ತಾರೆ. ನಿಮಗೊಬ್ರಿಗೇ ಸದ್ದಾಗೋದಾ?" ಎಂದರು ಕುಸುದಾ-ಸಾನ್. ಹಿಂದೆ ಯಾರೋ ನಕ್ಕರು.

ನುಕಾಗಾ-ಸಾನ್ ದೋಣಿಯಿಂದ ಚೀಲ ತಂದು ತೋರಿಸಿದರು. ಮೂರು ನುಣುಪು ಕಲ್ಲು. "ಈ ಚೀಲ ಇದು. ಇನ್ನೊಂದು ನೀರಲ್ಲೇ ಇರ್ಬಹುದಲ್ಲ?" ಎಂದೆ ನಾನು. ಅದಕ್ಕೆ ಅವರ ಹತ್ತಿರ ಉತ್ತರ ಎಲ್ಲಿಂದ ಬರಬೇಕು? ಇಲ್ಲದ ಚೀಲವನ್ನು ತಂದು ತೋರಿಸಲು ಯಾರಿಗಾಗುತ್ತದೆ? ಇವತ್ತು ಹಾಗನ್ನಿಸುತ್ತದೆ. ಅವತ್ತು ಅವರು ಸುಮ್ಮನಾದದ್ದೇ ನನಗೆ ಸಾಕ್ಷಿಯಾಯಿತು.

ಆಗ ಅವರು, ಏಳು ವರ್ಷದಲ್ಲಿ ಮೊದಲ ಸಲ, ಉದ್ದಕ್ಕೆ ಮಾತಾಡಿದರು.

"ದೋಣಿ ಕೊಡದಿದ್ರೆ ಹೋಗ್ಲಿ ಬಿಡಿ ಅನ್ನೋಕಾಗಲ್ಲ ಅಮ್ಮ ನನಗೆ. ನಲವತ್ತೆರಡು ವರ್ಷ ಚಾಪೆ ಹೊಲಿದಿದೀನಿ. ಈಗ ಯಾರ ಮನೇಲೂ ಚಾಪೆ ಹಾಸಲ್ಲ, ಅಂಗಡಿ ಮುಚ್ಚಿದೆ. ಈ ಕೈಗೆ ಏನೋ ಗೊತ್ತು ಅನ್ಸೋದು ಇಲ್ಲೊಂದೇ ಕಡೆ. ನೀವೇ ನನ್ನ ದೋಣೀಲಿ ಬನ್ನಿ. ನಾಳೆ. ನಿಮ್ಮ ಕಣ್ಣೆದುರಿಗೇ ಆ ಮೀನು ಹಿಡೀತೀನಿ. ಹಿಡೀಲಿಲ್ಲ ಅಂದ್ರೆ ಮತ್ತೆ ಬರಲ್ಲ."

"ಎಷ್ಟೊತ್ತಿನ ತನಕ?" ಎಂದರು ಕುಸುದಾ-ಸಾನ್.

"ಊರಿನ ಹನ್ನೆರಡರ ಗಂಟೆ ಬಾರಿಸೋ ತನಕ."

ಒಪ್ಪಿಕೊಂಡೆ. ಹಿಡಿದರೆ ಏಳು ವರ್ಷದ ಜಾಗ ಅವರದೇ, ಇಲ್ಲದಿದ್ದರೆ ಇಲ್ಲ. ಕುಸುದಾ-ಸಾನ್ ತಮ್ಮ ದೋಣಿಯಲ್ಲಿ ದೂರದಿಂದ ನೋಡುವುದು ಎಂದಾಯಿತು.

ಮರುದಿನ ಅವರ ದೋಣಿಯ ಮುಂತುದಿಯಲ್ಲಿ ನಾನು ಅವರಿಗೆ ಮುಖ ಮಾಡಿ ಕೂತೆ. ಬೆನ್ನು ತೋರಿಸಿದರೆ ಏನಾದರೂ ಮಾಡಿಯಾರು ಎಂದು. ಅವರು ಹುಟ್ಟು ಹಾಕುವಾಗ ನೀರು ಅಲುಗಿದ್ದೂ ಗೊತ್ತಾಗಲಿಲ್ಲ. ಮರದ ಹತ್ತಿರ ಬಂದ ಕೂಡಲೇ ನಾನು ಚೀಲ ಕಿತ್ತುಕೊಂಡು ಕಲ್ಲುಗಳನ್ನು ಹೊರಗೆ ತೆಗೆದು ನೋಡಿದೆ. ಚೀಲವನ್ನು ಮೂಸಿ ನೋಡಿದೆ. ಸೋಪಿನ ವಾಸನೆ. ಅಷ್ಟಕ್ಕೂ ಬಿಡದೆ ಇನ್ನೊಂದು ಹುಟ್ಟು ಎತ್ತಿಕೊಂಡು ಮರದ ಕೊಂಬೆಗಳ ಕೆಳಗೆಲ್ಲ ತಿವಿದು ಕೆದಕಿದೆ. ಹಗ್ಗವಿಲ್ಲ, ಬಲೆಯಿಲ್ಲ. ಕೆಸರು ಎದ್ದು ನೀರು ಚಹಾದ ಹಾಗಾಯಿತು.

"ಸಮಾಧಾನ ಆಯ್ತಾ ಅಮ್ಮ?" ಎಂದರು.

"ಆಳದಲ್ಲಿದ್ರೆ ನಂಗೆ ಕಾಣಲ್ಲ" ಎಂದೆ.

ಅವರು ನಿಟ್ಟುಸಿರು ಬಿಟ್ಟರು. "ಹೋಗ್ಲಿ. ಮೀನು ಈಗ ಓಡಿರತ್ತೆ. ವಾಪಸ್ ಬರೋಕೆ ಮೂರು ಗಂಟೆನಾದ್ರೂ ಬೇಕು. ಅಲ್ಲೀವರೆಗೆ ಕಾಲು ಅಲ್ಲಾಡಿಸ್ಬೇಡಿ."

ಮೂರು ಗಂಟೆ ಕಾಲು ಅಲ್ಲಾಡಿಸದೆ ಕೂತೆ. ಬೆನ್ನು ಸೆಟೆದುಹೋಯಿತು. ಅವರು ಮಧ್ಯದಲ್ಲಿ ಒಂದು ಅನ್ನದ ಉಂಡೆ ನನಗೆ ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದವಳು ತಿಂದೆ. ಅವರು ಪುಟ್ಟ ಹುಳವನ್ನು ಕೊಂಬೆಯ ಪಕ್ಕ ಇಳಿಸಿ, ಕೋಲನ್ನು ಎಳೆಯದೆ, ಕೋಲಿನ ತುದಿಯನ್ನು ಮಾತ್ರ ನಡುಗಿಸುತ್ತಿದ್ದರು. ನೂಲು ಸಡಿಲವಾಗಿ ನೀರ ಮೇಲೆ ಮಲಗಿತ್ತು. ಆ ಸಡಿಲ ಅಲುಗುತ್ತಿತ್ತು, ಹುಳ ಇದ್ದಲ್ಲೇ ಇತ್ತು. ದಾರ ಬಿಗಿಯಾಗಿದ್ದರೆ ಮೀನಿಗೆ ಗೊತ್ತಾಗಿಬಿಡುತ್ತದೆ, ಸಡಿಲ ಇದ್ದರೆ ನಮಗೆ ಗೊತ್ತಾಗುವುದಿಲ್ಲ, ಎರಡರ ನಡುವೆ ಹಿಡಿಯಬೇಕು ಎಂದರು. ಚಾಪೆಯ ದಾರವೂ ಹಾಗೇ ಅಂತೆ. ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಹುಲ್ಲು 'ಸಾಕು' ಅನ್ನುತ್ತದೆ, ಮೊಣಕೈಗೆ ಅದು ಕೇಳಿಸಬೇಕು.

"ಕಚ್ಚಿದ್ದು ಹೇಗೆ ಗೊತ್ತಾಗತ್ತೆ?"

"ಗೊತ್ತಾಗತ್ತೆ. ಗೊತ್ತಾದ ತಕ್ಷಣ ಕೈ ಎದ್ದಿರತ್ತೆ. ನಾನು ಎತ್ತೋದಲ್ಲ."

ಇದೆಲ್ಲ ನನ್ನ ಗಮನ ಬೇರೆ ಕಡೆ ತಿರುಗಿಸಲು ಹೇಳುತ್ತಿರುವ ಮಾತು ಎಂದೇ ನಾನು ಎಣಿಸುತ್ತಿದ್ದೆ. ಕಣ್ಣು ಅವರ ಕೈಯಿಂದ ಕದಲಿಸಲಿಲ್ಲ. ತೋಳಿನೊಳಗೆ ಏನಾದರೂ ಇದೆಯೇ ಎಂದು ಅಂಗಿಯ ಅಂಚನ್ನೂ ನೋಡುತ್ತಿದ್ದೆ.

ಹನ್ನೊಂದೂವರೆ ದಾಟಿತು. ಅವರ ಹಣೆಯಲ್ಲಿ ಬೆವರು ಕಾಣಿಸಿತು. ಕೋಲು ಹಿಡಿದ ಬೆರಳು ಬಿಳುಚಿಕೊಂಡಿತ್ತು. ದೂರದಲ್ಲಿ ಕುಸುದಾ-ಸಾನ್ ಕೈಗಡಿಯಾರ ನೋಡಿಕೊಂಡರು. ನನಗೆ ಅಷ್ಟು ಹೊತ್ತಿಗೆ ಏನೋ ಆಗಿತ್ತು. ಈ ಮನುಷ್ಯನಿಗೆ ಮೀನು ಸಿಗಲಿ ಎಂದು ಬಯಸುತ್ತಿದ್ದೆ. ಯಾವಾಗ ಹಾಗಾಯಿತೋ ತಿಳಿಯದು. ಅನ್ನದ ಉಂಡೆಯಿಂದಲೋ, ಸೋಪಿನ ವಾಸನೆಯಿಂದಲೋ.

ನೂಲು ಅಲುಗಿತು. ಅಲುಗಿತು ಅಂದರೆ ಗಾಳಿಗೆ ಅಲುಗಿದ ಹಾಗಲ್ಲ, ಯಾರೋ ಅಡ್ಡಕ್ಕೆ ಒಂದಂಗುಲ ಸರಿಸಿದ ಹಾಗೆ. ನನಗೇ ಕಂಡಿತು. ಅವರ ಕೈ ಏಳುತ್ತಿತ್ತು.

"ತಡೀರಿ" ಎಂದೆ ನಾನು. ಪಿಸುಮಾತಲ್ಲಿ. "ತಪ್ಪಿಸ್ಕೊಂಡ್ರೆ ಎಲ್ಲ ಮುಗೀತು. ಚೆನ್ನಾಗಿ ಕಚ್ಚಲಿ."

ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ಇದೊಂದೇ ಅವಕಾಶ ಎಂಬುದು ಅವರಿಗೂ ಗೊತ್ತಿತ್ತು. ನೂಲು ಮತ್ತೊಂದು ಅಂಗುಲ ಸರಿಯಿತು, ಮತ್ತೊಂದು. ಆಮೇಲೆ ಎತ್ತಿದರು.

ಕೋಲು ಬಿಲ್ಲಾಯಿತು. ದಾರ ತೆಳ್ಳಗಿದ್ದದ್ದರಿಂದ ಎಳೆದಾಡುವ ಹಾಗಿರಲಿಲ್ಲ, ಬಿಡುತ್ತ, ಸುತ್ತುತ್ತ, ಐದು ನಿಮಿಷ ಆಡಿಸಿದರು. ಮೀನು ದೋಣಿಯ ಪಕ್ಕಕ್ಕೆ ಬಂತು. ಹೊಟ್ಟೆ ತುಂಬಿಕೊಂಡ ಹಸಿರು ಮೀನು, ಬಾಲದ ಕೆಳತುದಿಯಲ್ಲಿ ಸೀಳು.

"ಅದೇ" ಎಂದು ಕೂಗಿದೆ. "ಕುಸುದಾ-ಸಾನ್, ಅದೇ ಮೀನು, ಸೀಳಿದೆ, ಬನ್ನಿ."

ನುಕಾಗಾ-ಸಾನ್ ಮೀನಿನ ಬಾಯಿ ತೆರೆದು ಒಳಗೆ ನೋಡುತ್ತಿದ್ದರು. ಹಿಂದಿನ ಮೂರು ಸಲವೂ ಕೊಕ್ಕೆ ತುಟಿಯ ಅಂಚಿನಲ್ಲಿ ಸಿಕ್ಕಿತ್ತಂತೆ, ಬೆರಳಲ್ಲಿ ತಟ್ಟಿದರೆ ಬಿಟ್ಟುಕೊಳ್ಳುವಷ್ಟು. ಈ ಸಲ ಹುಳ ಕಾಣುತ್ತಲೇ ಇರಲಿಲ್ಲ. ನಾವು ತಡೆದಷ್ಟು ಹೊತ್ತಿನಲ್ಲಿ ಗಂಟಲಿಗೆ ಇಳಿದಿತ್ತು. ಕಿವಿರಿನಿಂದ ರಕ್ತ ಬಂದು ಅವರ ಅಂಗೈ ತುಂಬಿತು, ದೋಣಿಯ ಹಲಗೆಯ ಮೇಲೆ ತೊಟ್ಟಿಕ್ಕಿತು.

ನೂಲನ್ನು ಬುಡಕ್ಕೆ ಕತ್ತರಿಸಿದರು. ಮೀನನ್ನು ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡು, ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸಿದರು. ಬಿಟ್ಟರೆ ಅದು ಮಗುಚಿಕೊಂಡು ಬಿಳಿ ಹೊಟ್ಟೆ ತೋರಿಸುತ್ತಿತ್ತು. ಮತ್ತೆ ನೆಟ್ಟಗೆ ಮಾಡಿದರು. ಊರಿನ ಧ್ವನಿವರ್ಧಕದಿಂದ ಹನ್ನೆರಡರ ಗಂಟೆಯ ರಾಗ ಬೆಟ್ಟ ದಾಟಿ ಬಂತು. ಅದು ಮುಗಿಯಿತು. ಅವರು ಇನ್ನೂ ಹಿಡಿದುಕೊಂಡೇ ಇದ್ದರು. ಹತ್ತಿರ ಬಂದು ನಿಂತ ಕುಸುದಾ-ಸಾನ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಸಾಕು ಬಿಡಿ ನುಕಾಗಾ-ಸಾನ್" ಎಂದೆ.

"ಇನ್ನೊಂದು ಸ್ವಲ್ಪ" ಎಂದರು.

ಸತ್ತ ಮೀನನ್ನು ನೀರಿಗೆ ಬಿಡುವ ಹಾಗಿಲ್ಲ. ದಡಕ್ಕೆ ತಂದು ಅಳತೆ ಹಲಗೆಯ ಮೇಲೆ ಮಲಗಿಸಿದೆವು. ಎಲ್ಲರೂ ಸುತ್ತ ನಿಂತರು. ನಾನು ಗೋಡೆಯ ಮೂರು ಫೋಟೊ ಕಿತ್ತು ತಂದು ಬಾಲದ ಪಕ್ಕ ಇಟ್ಟೆ. ಅನುಮಾನಕ್ಕೆ ಎಳ್ಳಷ್ಟು ಜಾಗವಿರಲಿಲ್ಲ. ಕುಸುದಾ-ಸಾನ್ ಎಲ್ಲರ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಅವರ ಹಿಂದೆ ಉಳಿದವರೂ ಬಗ್ಗಿದರು. ನಾನೂ ಬಗ್ಗಿದೆ, ಎಲ್ಲರಿಗಿಂತ ಕೆಳಗೆ. ನುಕಾಗಾ-ಸಾನ್ ಅವರ ಕೈ ಇನ್ನೂ ತೊಳೆದಿರಲಿಲ್ಲ.

"ಈಗ ನಂಬಿಕೆ ಬಂತಾ ಅಮ್ಮ?" ಎಂದು ಕೇಳಿದರು. ಅದರಲ್ಲಿ ಕುಟುಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

"ಬಂತು" ಎಂದೆ.

ದೋಣಿ ಅವರದೇ ಎಂದು ಹೇಳಿದೆ. ಬೇಕಾದರೆ ಉತ್ತರದ ಕವಲಿಗೆ ಬೇರೆ ಯಾರನ್ನೂ ಬಿಡುವುದಿಲ್ಲ ಎಂದೂ ಹೇಳಿದೆ. ಅವರು ತಲೆಬಾಗಿದರು. ದೋಣಿಯ ರಕ್ತವನ್ನು ತಾವೇ ಉಜ್ಜಿ ತೊಳೆದು, ಚೀಲದ ಕಲ್ಲುಗಳನ್ನು ದಡದಲ್ಲಿ ಒಂದೊಂದಾಗಿ ಇಟ್ಟು, ಖಾಲಿ ಚೀಲ ಮಡಚಿಕೊಂಡು ಹೋದರು.

ಆ ವಸಂತ ಮತ್ತೆ ಬರಲಿಲ್ಲ. ಮುಂದಿನ ವಸಂತವೂ ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ಆಮೇಲೆ, ನನ್ನ ಬುದ್ಧಿ ಎಲ್ಲಿ ಹೋಗುತ್ತದೆ, ಬೇರೆ ಕಟ್ಟೆಗೆ ಹೋಗುತ್ತಿರಬೇಕು ಎಂದು ಅನುಮಾನಪಟ್ಟೆ. ಸುತ್ತಲ ಎರಡು ಮೂರು ಕಟ್ಟೆಗಳಿಗೆ ಫೋನ್ ಮಾಡಿ ಕೇಳಿದೆ. ಎಲ್ಲೂ ಇಲ್ಲ.

ಅವರ ಹೆಂಡತಿ ಯಾಯೆ-ಸಾನ್ ವಯಸ್ಸಾದವರಿಗೆ ಸ್ನಾನ ಮಾಡಿಸುವ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ನನ್ನ ಅತ್ತಿಗೆಯನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವರೇ ಗುರುತು ಹಿಡಿದು ಮಾತಾಡಿಸಿದರು. ಗಂಡನ ವಿಷಯ ನಗುತ್ತಲೇ ಹೇಳಿದರು. ಒಂದು ಸಲ ಯಾರದೋ ಮನೆಗೆ ಎಂಟು ಚಾಪೆ ಹಾಕಿ ಬಂದ ಎರಡು ವಾರದ ಮೇಲೆ, ಊಟ ಮಾಡುತ್ತ ಕೂತವರು ತಟ್ಟನೆ ಎದ್ದು, 'ಕಿಟಕಿ ಪಕ್ಕದ ಚಾಪೇಲಿ ಒಂದು ಹೊಲಿಗೆ ಸಡಿಲ ಬಿಟ್ಟೆ' ಎಂದು ಹೋಗಿ ಆ ಮನೆಯವರನ್ನು ಎಬ್ಬಿಸಿ ಚಾಪೆ ಕಿತ್ತು ತಂದಿದ್ದರಂತೆ. ಮನೆಯವರಿಗೆ ಯಾವ ಹೊಲಿಗೆಯೂ ಸಡಿಲವಾಗಿ ಕಂಡಿರಲಿಲ್ಲ. "ಕೈಗೆ ಗೊತ್ತಾಯ್ತಂತೆ, ಹದಿನಾಲ್ಕು ದಿನ ಆದ್ಮೇಲೆ" ಎಂದರು ಯಾಯೆ-ಸಾನ್. ಇಂಥ ಮನುಷ್ಯನ ಚೀಲವನ್ನು ನಾನು ಮೂಸಿ ನೋಡಿದ್ದೆ.

ಕಳೆದ ಮಾರ್ಚ್‌ನಲ್ಲಿ ಊರಿನ ತೋಫು ಅಂಗಡಿಯ ಸಾಲಿನಲ್ಲಿ ಅವರು ನನ್ನ ಮುಂದೆ ನಿಂತಿದ್ದರು. ಮೊದಲಿನ ಹಾಗೇ ತಲೆಬಾಗಿ ನಮಸ್ಕರಿಸಿದರು. ಚಳಿ ಇನ್ನೂ ಹೋಗಿಲ್ಲ, ನೀರು ಹನ್ನೊಂದು ಡಿಗ್ರಿ ಇದೆ, ಎಂದು ನಾನೇ ಮಾತು ತೆಗೆದೆ. ಬ್ಯಾಸ್ ಆಳದಿಂದ ದಡದ ಕಡೆ ಬರಲು ಶುರುಮಾಡುವ ಲೆಕ್ಕ ಅದು. ಹನ್ನೊಂದು ಅಂದಾಗ ಅವರ ಕಣ್ಣು ಒಂದು ಗಳಿಗೆ ಬೆಳಗಿತು. ಆಮೇಲೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ನನ್ನ ಮೇಲೆ ಇನ್ನೂ ಸಿಟ್ಟಿದ್ಯಾ ನುಕಾಗಾ-ಸಾನ್? ಇದ್ರೆ ಬೈದುಬಿಡಿ. ಆದ್ರೆ ಬನ್ನಿ."

"ಅಯ್ಯೋ, ಸಿಟ್ಟೆಲ್ಲಿ ಅಮ್ಮ" ಎಂದರು. "ಎರಡು ಸಲ ಹೋಗಿದ್ದೆ ನಾನು. ಸಸಾಗೊ ಆಚೆ ಒಂದು ಸಣ್ಣ ಕೆರೆ ಇದೆಯಲ್ಲ, ದಡದಲ್ಲಿ ಕೂತು ಹಿಡಿಯೋದು, ಅಲ್ಲಿಗೆ."

"ಮತ್ತೆ?"

ಅವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

"ನೂಲು ಅಲುಗಿತು. ಈಗ ಎತ್ಲಾ, ಇನ್ನೂ ತಡೀಲಾ ಅಂತ ಯೋಚನೆ ಬಂತು. ಮೊದಲು ನನಗೆ ಆ ಯೋಚನೆ ಬರ್ತಾನೇ ಇರ್ಲಿಲ್ಲ ಅಮ್ಮ. ಎರಡು ಸಲಾನೂ ಬಂತು. ಈಗ ಈ ಕೈ ಹೇಳಿದ್ದನ್ನ ನಂಬೋಕೆ ಆಗ್ತಿಲ್ಲ ನನಗೆ."

ಅಂಗಡಿಯವಳು ಅವರ ತೋಫುವನ್ನು ಚೀಲಕ್ಕೆ ಹಾಕಿ ಕೊಟ್ಟಳು. ಅವರು ನನಗೆ ಮತ್ತೊಮ್ಮೆ ತಲೆಬಾಗಿ ಹೊರಟುಹೋದರು. ಏನು ಬೇಕು ಎಂದು ಅಂಗಡಿಯವಳು ನನ್ನನ್ನು ಎರಡು ಸಲ ಕೇಳಿದಳಂತೆ, ನನಗೆ ಕೇಳಿಸಲಿಲ್ಲ.